ಸೊಪ್ಪು ತುಳಿದವಳು

ಚಿಕ್ಕರಸಿನಕೆರೆಯಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದ ಸಣ್ಣತಾಯಮ್ಮನ ಮುಂದೆ ಯಾರೂ ಒಂದು ಪದ ತಪ್ಪಾಗಿ ಆಡುವಂತಿರಲಿಲ್ಲ. ರೊಟ್ಟಿ ಹಿಟ್ಟು ಒತ್ತುತ್ತೇನೆಂದ ಸೊಸೆಗೆ, "ಒತ್ತೋದು ಕಾಲ್ನ ಕಣಮ್ಮ, ಇಟ್ಟ ನಾದ್ಬೇಕು" ಎನ್ನುತ್ತಿದ್ದಳು. ಬಸ್ಸಿನಲ್ಲಿ ಕಾಲು ತುಳಿದವನು ತಗುಲಿತು ಎಂದರೆ, "ತಗಲ್ನಿಲ್ಲ, ತುಳಿದೆ ಕಣ್ಲಾ" ಎಂದು ಇಳಿಯುವವರೆಗೂ ಬಿಡುತ್ತಿರಲಿಲ್ಲ. ೧೯೭೬ರಲ್ಲಿ, ಉಳುವವರಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ, ಅವಳು ಉಳುತ್ತಿದ್ದ ಗದ್ದೆ ಯಾರಿಗೆ ಸೇರಬೇಕೆಂಬ ವಿಚಾರಣೆಯಲ್ಲಿ ಒಡೆಯ ಚಲುವನಾರಾಯಣರು, "ಸಾಗುವಳಿ ನನ್ನದೇ. ಗೊಬ್ಬರಕ್ಕೆ ಹೊಂಗೆಸೊಪ್ಪು ಅಮುಕಿದವನೂ ನಾನೇ" ಎಂದರು. ಸಣ್ಣತಾಯಮ್ಮ ಎದ್ದು ನಿಂತಳು. "ಅಮುಕೋದು ಕೈಯಲ್ಲಿ ಸ್ವಾಮಿ. ಸೊಪ್ಪ ಮೊಣಕಾಲುದ್ದ ಕೆಸ್ರಲ್ಲಿ ನಿಂತು ತುಳೀಬೇಕು. ನಾನು ತುಂಬಿದ ಬಸುರೀಲೂ ತುಳಿದಿವ್ನಿ. ಕೂಸು ಅಲ್ಲೇ ಓಯ್ತು. ನಾಕನೇ ದಿನಕ್ಕೆ ಮತ್ತೆ ಇಳಿದು ತುಳಿದೆ." ವಿಚಾರಣೆಯ ಅಧಿಕಾರಿ ಗುಮಾಸ್ತನ ಕಡೆ ತಿರುಗಿ, "ಈಯಮ್ಮ ಹೇಳಿದ ಪದವನ್ನೇ ಬರೀರಿ" ಎಂದರು. ಗದ್ದೆ ಅವಳದಾಯಿತು.