ಪಿಕಪ್ಪಿನ ಹಿಂದಿನ ಗಾಜು

ಎಸ್ಟೇಟಿನ ಪಿಕಪ್ಪಿನ ಹಿಂದಿನ ಕಿಟಕಿಗೆ ಮೋಟಾರು ಕೂರಿಸಬೇಕು, ಅಪ್ಪಣೆ ಕೊಡಿ ಎಂದು ಕೇಳಿದಾಗ ನಮ್ಮ ದೊರೆ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ನಮ್ಮ ಬಂಗಲೆಗೇ ಇನ್ನೂ ಕರೆಂಟಿಲ್ಲ. ನೀನು ಕಿಟಕಿಗೆ ಕರೆಂಟ್ ಕೊಡ್ತೀಯಾ?" ಎಂದು ನಕ್ಕು, ಆಮೇಲೆ ಹೂಂ ಎಂದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಕಕ್ಕಬೆಯ ಕಡೆಗೆ ಕಂಬಗಳು ಬರುತ್ತವೆ ಎಂಬ ಸುದ್ದಿ ಬಂದಿತ್ತೇ ಹೊರತು ಕಂಬ ಬಂದಿರಲಿಲ್ಲ. ದೊರೆ ನಕ್ಕದ್ದು ಸರಿಯೇ. ನನಗೆ ಮಾತ್ರ ನಗು ಬರುವ ಕಾಲವಾಗಿರಲಿಲ್ಲ. ನನ್ನ ಹೆಂಡತಿಗೆ ಮತ್ತೆ ನಾಲ್ಕು ತಿಂಗಳು ತುಂಬಿತ್ತು, ಆಟಿ ತಿಂಗಳ ಮಳೆಗೆ ಸರಿಯಾಗಿ ಹೆರಿಗೆ. ಹಿಂದಿನ ಆಟಿಯಲ್ಲಿ ಅದೇ ಪಿಕಪ್ಪಿನಲ್ಲಿ, ನನ್ನ ಬೆನ್ನ ಹಿಂದೆ, ನಮ್ಮ ಮೊದಲ ಮಗು ಹುಟ್ಟಿ ಸತ್ತಿತ್ತು.

ಆ ಗಾಡಿ ಮಿಲಿಟರಿ ಹರಾಜಿನಲ್ಲಿ ಬಂದದ್ದು. ಮುಂದಿನ ಕ್ಯಾಬಿನ್ನನ್ನು ಆಮೇಲೆ ಬಡಗಿಗಳು ಮರದಲ್ಲಿ ಕಟ್ಟಿದ್ದರು. ಡ್ರೈವರ್ ಸೀಟಿನ ಹಿಂದೆ ಎರಡು ಗಾಜಿನ ಕಿಟಕಿ, ಒಂದು ಗಾಜು ಇನ್ನೊಂದರ ಪಕ್ಕಕ್ಕೆ ಸರಿಯುವಂಥದು. ಚಿಲಕ ನನ್ನ ಕಡೆ. ಬೇಸಿಗೆಯಲ್ಲಿ ಅದು ಒಂದು ಬೆರಳಿಗೆ ಸರಿಯುತ್ತಿತ್ತು. ಮಳೆ ಹಿಡಿದರೆ ಮರ ಉಬ್ಬಿ ಗಾಜನ್ನು ಕಚ್ಚಿಕೊಳ್ಳುತ್ತಿತ್ತು. ಗಾಡಿ ನಿಲ್ಲಿಸಿ, ಸೀಟಿನ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಎಳೆದರಷ್ಟೇ ತೆರೆಯುವುದು. ನಾನು ಆ ಗಾಡಿಯ ಡ್ರೈವರ್. ಲೈನಿನ ಸಾಲುಮನೆಗಳಲ್ಲಿ ಯಾರಿಗೆ ಏನಾದರೂ ಮಡಿಕೇರಿ ಆಸ್ಪತ್ರೆಗೆ ಕೊಂಡೊಯ್ಯುತ್ತಿದ್ದವನು ನಾನೇ.

ಮೊದಲ ಸಲ ಅವಳಿಗೆ ನೋವು ಬಂದದ್ದು ಮಧ್ಯಾಹ್ನ. ಕ್ಯಾಬಿನ್ನಿನ ಬೆನ್ನಿಗೆ ಸ್ಟೆಪ್ನಿ ಇದ್ದುದರಿಂದ ಹಿಂದಿನ ಬಾಗಿಲಿಗೆ ಗೋಣಿಚೀಲ ಒಟ್ಟಿ ಅವಳನ್ನು ಅಲ್ಲಿ ಒರಗಿಸಿದೆವು, ಮುಖ ನನ್ನ ಕಡೆಗೆ. ಲೈನಿನ ಸೂಲಗಿತ್ತಿ, ನಾವೆಲ್ಲ ಪಾಟಿ ಎಂದು ಕರೆಯುತ್ತಿದ್ದ ತಮಿಳು ಮುದುಕಿ, ಅವಳ ಕಾಲ ಬಳಿ ಕ್ಯಾಬಿನ್ನಿಗೆ ಬೆನ್ನುಹಾಕಿ ಕೂತಳು. ಮೇಲೆ ಟಾರ್ಪಾಲು ಬಿಗಿದೆ. ದಾರಿಯಲ್ಲಿ ಮಗು ಬಂತು, ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡು ಬಂತು. ಗಾಡಿ ರಸ್ತೆಯ ಗುಂಡಿಗಳಲ್ಲಿ ಎತ್ತಿ ಹಾಕುತ್ತಿದ್ದರೆ ಹುರಿ ಬಿಡಿಸಲು ಪಾಟಿಯ ಕೈ ಒಂದು ಕಡೆ ನಿಲ್ಲಲಿಲ್ಲ. ನಾನು ನಿಲ್ಲಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡು ಮಗು.

ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟೆ. ಮಳೆಗೆ ಕಿಟಕಿ ಕಚ್ಚಿಕೊಂಡಿತ್ತು, ಹಿಂದೆ ಕೂಗಿದ್ದು ನನಗೆ ಕೇಳಿಸಲಿಲ್ಲ. ಜನ ಅಯ್ಯೋ ಎಂದರು. ದೊರೆ ಹೆಗಲ ಮೇಲೆ ಕೈಯಿಟ್ಟರು. ಪಾಟಿ ಕೂಡ, "ಗಾಜು ತಟ್ಟಿ ತಟ್ಟಿ ಕೈ ನೋವ್ ಬಂತು ತಂಬಿ, ಪಾಳಾದ ಗಾಜು" ಎಂದು ಗಾಜನ್ನೇ ಬೈದಳು. ಹೆಂಡತಿ ಒಬ್ಬಳು ಏನೂ ಅನ್ನಲಿಲ್ಲ. ಸೋಮವಾರಪೇಟೆ ಕಡೆಯಿಂದ ತಂದ ಹೆಣ್ಣು, ಮೊದಲೇ ಮಾತು ಕಡಿಮೆ.

ಅವಳು ಮತ್ತೆ ಬಸುರಿಯಾದ ದಿನದಿಂದ ನನಗೆ ಆ ಕಿಟಕಿಯೇ ಹಗಲೂ ಇರುಳೂ ಕಣ್ಣಮುಂದೆ. ಕೈ ಸ್ಟೇರಿಂಗಿನಲ್ಲೇ ಇರಬೇಕು, ಕಾಲಲ್ಲಿ ಒತ್ತಿದರೆ ಗಾಜು ತಾನಾಗಿ ತೆರೆಯಬೇಕು. ಸಿದ್ದಾಪುರದಲ್ಲಿ ಒಬ್ಬ ಮಲಯಾಳಿ ಮೆಕ್ಯಾನಿಕ್ ಇದ್ದ, ವಯಸ್ಸಾದವನು, ಕೈ ಚೊಕ್ಕ. ಕಾಕಾ ಎಂದು ಕರೆಯುತ್ತಿದ್ದೆವು. ಎಲ್ಲ ಕೇಳಿ, ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ ಹೇಳಿದ: "ಇದಕ್ಕೆಂಥ ಮೋಟಾರ್ ಮೋನೇ? ಬಡಗಿ ಹತ್ರ ಒಂದು ನೂಲಿನಷ್ಟು ಮರ ಹೆರೆಸು. ಮಳೇಲೂ ಜಾರ್ತದೆ."

ನನಗೆ ಮೈಯೆಲ್ಲ ಉರಿಯಿತು. "ಆಗೋದಾದ್ರೆ ಮಾಡು, ಇಲ್ಲಾಂದ್ರೆ ಬಿಡು ಕಾಕಾ" ಎಂದೆ. ಒಂದು ನೂಲು ಮರ ಹೆರೆದು ಸರಿಹೋಗುವ ವಿಷಯವಾಗಿದ್ದರೆ ನನ್ನ ಮಗು ಒಂದು ನೂಲು ಮರಕ್ಕೆ ಸತ್ತಂತಾಗುತ್ತಿತ್ತು. ನನಗೆ ದೊಡ್ಡ ಕಾರಣ ಬೇಕಿತ್ತು, ಅದಕ್ಕೆ ದೊಡ್ಡ ಮದ್ದೂ ಬೇಕಿತ್ತು. ಕಾಕಾ ನನ್ನ ಮುಖ ನೋಡಿ ಮತ್ತೆ ಬಡಗಿಯ ಮಾತೆತ್ತಲಿಲ್ಲ.

ಗುಜರಿಗೆ ಬಿದ್ದ ಲಾರಿಯೊಂದರ ವೈಪರ್ ಮೋಟಾರು ಸಿಕ್ಕಿತು. ಮೊದಲ ದಿನ ಅದನ್ನು ಗಾಜಿಗೆ ಕಟ್ಟಿ ಕರೆಂಟು ಕೊಟ್ಟರೆ ಗಾಜು ಮಳೆ ಒರೆಸುವ ಕಡ್ಡಿಯ ಹಾಗೆ ಹೋಗುವುದು, ಬರುವುದು, ಹೋಗುವುದು, ಬರುವುದು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಒಳಗಿನ ಸಲಾಕೆ ತೆಗೆದು, ಮೋಟಾರು ಒಂದೇ ಕಡೆಗೆ ಸುತ್ತುವ ಹಾಗೆ ಮಾಡಿದ. ಅದರ ಕಡ್ಡಿಗೆ ಸೈಕಲ್ ಹಬ್ಬು, ಹಬ್ಬಿಗೆ ಬ್ರೇಕ್ ವೈರು, ವೈರಿನ ತುದಿ ಗಾಜಿಗೆ. ಕ್ಲಚ್ಚಿನ ಪಕ್ಕ ಹಳೆಯ ಸ್ಟಾರ್ಟರ್ ಸ್ವಿಚ್ಚು. ಎಡಗಾಲಲ್ಲಿ ಒತ್ತಿದಷ್ಟು ಹೊತ್ತು ಹಬ್ಬು ವೈರನ್ನು ಸುತ್ತಿಕೊಳ್ಳುವುದು, ಗಾಜು ಸರಿಯುವುದು. ತೆರೆಯುವುದಕ್ಕೆ ಮಾತ್ರ ಕರೆಂಟು, ಮುಚ್ಚುವುದಕ್ಕೆ ಕೈಯೇ. ನನಗೆ ಮುಚ್ಚುವುದು ಬೇಕಿರಲಿಲ್ಲ.

ಉಳಿದ ಕೆಲಸ ನಾನು ಮನೆಯ ಮುಂದೆಯೇ ಮಾಡಿದೆ, ಭಾನುವಾರಗಳಲ್ಲಿ. ಹೆಂಡತಿ ಹೊಟ್ಟೆ ಹೊತ್ತುಕೊಂಡು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಸ್ಕ್ರೂ, ಸ್ಪ್ಯಾನರ್ ಎತ್ತಿಕೊಡುತ್ತಿದ್ದಳು. ಪ್ರತಿ ಸಲ ಗಾಜು ಗುರ್ ಎಂದು ತೆರೆದಾಗ ನಾನು ಅವಳ ಮುಖ ನೋಡುತ್ತಿದ್ದೆ. "ಚೆನ್ನಾಗಿ ತೆಗಿತದೆ" ಎನ್ನುತ್ತಿದ್ದಳು, ಅಷ್ಟೇ. ಅವಳು ಇನ್ನೇನಾದರೂ ಹೇಳಲಿ, ಇನ್ನು ಭಯವಿಲ್ಲ ಎನ್ನಲಿ ಎಂದು ನಾನು ಒದ್ದಾಡುತ್ತಿದ್ದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನಿಗೂ ಯಾರಾದರೂ ಭೇಷ್ ಅನ್ನಬೇಕೆಂಬ ಆಸೆ ಇರುತ್ತದೆ.

ಇಷ್ಟು ಹೊತ್ತು ನಿಮಗೂ ನಾನು ಊರಿಗೆ ಹೇಳಿದ್ದನ್ನೇ ಹೇಳಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದ ಕತೆ ಅದು. ನಿಜವಾಗಿ ನನಗೆ ಕೇಳಿಸಿತ್ತು.

ನಮ್ಮೂರಿಂದ ಮಡಿಕೇರಿಗೆ ಹೋಗುವ ದಾರಿ ಅಯ್ಯಪ್ಪನ ದೇವರಕಾಡಿನ ನಡುವೆ ಹಾಯುತ್ತದೆ. ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಅಲ್ಲಿ ಒಂದು ಕಡ್ಡಿ ಮುರಿಯುವ ಹಾಗಿಲ್ಲ, ಒಣಗಿ ಬಿದ್ದ ಮರವನ್ನೂ ಮುಟ್ಟುವುದಿಲ್ಲ. ಹರಕೆಯ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿ ಕೂತಿರುತ್ತವೆ. ರಸ್ತೆ ಮಾತ್ರ ಎಲ್ಲರದು. ರಸ್ತೆ ಬಿಟ್ಟು ಹೆಂಗಸರು ಒಳಗೆ ಕಾಲಿಡುವುದಿಲ್ಲ. ಹುಟ್ಟಿನ ಸೂತಕ, ನಮ್ಮ ಕಡೆ ಪುರುಡು ಅನ್ನುವುದು, ಆ ಕಾಡಿಗೆ ತಟ್ಟಿದರೆ ಇಡೀ ಊರಿಗೆ ಕೇಡು ಎಂದು ಕೇಳುತ್ತಲೇ ನಾನು ಬೆಳೆದವನು. ಪಾಟಿ ಗಾಜು ತಟ್ಟಿದ್ದು ಗಾಡಿ ಆ ಕಾಡಿನೊಳಗೆ ಹೊಕ್ಕ ಕೂಡಲೇ. "ನಿಲ್ಸು ತಂಬಿ" ಎಂದದ್ದೂ ಕೇಳಿತು. ನಾನು ತಿರುಗಿ ನೋಡಿದೆ. ಚಿಲಕಕ್ಕೆ ಕೈ ಹಾಕಲೂ ಇಲ್ಲ. ಇಲ್ಲಿ ಬೇಡ, ಇಲ್ಲಿ ಬೇಡ, ಕಾಡು ದಾಟಲಿ ಎಂದುಕೊಂಡು ಆಕ್ಸಿಲರೇಟರ್ ಒತ್ತಿದೆ. ಕಾಡಿನ ಆಚೆ ಬಯಲಿಗೆ ಬಂದ ಮೇಲೆ ನಿಲ್ಲಿಸಿದೆ.

ಇದನ್ನು ಯಾರಿಗೂ ಹೇಳಲಾರದೆ ಹೋದೆ. ಹೇಳಿದ್ದರೆ ಊರಿನ ಹಿರಿಯರು ನಾನು ಮಾಡಿದ್ದೇ ಸರಿ ಎನ್ನುತ್ತಿದ್ದರೇನೋ. ಅದೇ ನನಗೆ ಇನ್ನೂ ದೊಡ್ಡ ಭಯವಾಗಿತ್ತು.

ಎರಡನೆಯ ಆಟಿ ಬಂತು. ನೋವು ಬಂದದ್ದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ. ಮತ್ತೆ ಅದೇ ಗೋಣಿಚೀಲ, ಅದೇ ಪಾಟಿ, ಅದೇ ಟಾರ್ಪಾಲು. ಹೊರಡುವ ಮುಂಚೆ ಸ್ವಿಚ್ಚು ಒತ್ತಿ ನೋಡಿದೆ, ಗಾಜು ತೆರೆಯಿತು. ಇರಚಲು ಹೊಡೆಯುತ್ತದೆಂದು ಪಾಟಿ ಹೇಳಿದ್ದಕ್ಕೆ ಕೈಯಲ್ಲಿ ಮುಚ್ಚಿದೆ. ಉಬ್ಬಿದ ಮರದಲ್ಲಿ ಅದನ್ನು ತಳ್ಳುವಷ್ಟರಲ್ಲಿ ಬೆರಳು ಜಜ್ಜಿತು.

ಇಳಿಜಾರು ಮುಗಿದು ದೇವರಕಾಡಿನ ಮೊದಲ ಮರಗಳು ಕಂಡವು. ಹಿಂದೆ ಪಾಟಿ ಗಾಜು ತಟ್ಟಿದಳು. ಒಂದು ವರ್ಷ ನಾನು ಯಾವ ಸದ್ದಿಗೆ ಹೆದರಿ ನಿದ್ದೆ ಬಿಟ್ಟಿದ್ದೆನೋ ಅದೇ ಸದ್ದು, ಅದೇ ಜಾಗದಲ್ಲಿ. ಎಡಗಾಲಲ್ಲಿ ಸ್ವಿಚ್ಚು ಒತ್ತಿದೆ. ಮೋಟಾರು ನರಳಿತು. ಗಾಜು ನಾಲ್ಕು ಬೆರಳು ಸರಿದು ನಿಂತಿತು. ಇನ್ನೂ ಒತ್ತಿದೆ. ಸುಟ್ಟ ವಾಸನೆ ಬಂತು, ಕಾಲ ಬುಡದಿಂದ ಹೊಗೆ ಎದ್ದಿತು, ಮೋಟಾರು ಸುಮ್ಮನಾಯಿತು. ಅಷ್ಟು ತಿಂಗಳ ಕೆಲಸಕ್ಕೆ ದಕ್ಕಿದ್ದು ನಾಲ್ಕು ಬೆರಳು ಸಂದು. ಅದರೊಳಗಿಂದ ಹೆಂಡತಿಯ ದನಿ ಬಂತು. ಕೂಗಲಿಲ್ಲ ಅವಳು. ಉಸಿರು ಕಟ್ಟಿಕೊಂಡು, ಒಂದೊಂದೇ ಮಾತಾಗಿ ಕೇಳಿದಳು.

"ಕಾಡು ಬಂತಲ್ರೀ. ಈ ಸಲ ನಿಲ್ಲಿಸ್ತೀರಾ?"

ನನ್ನ ಎಡಗಾಲು ಇನ್ನೂ ಆ ಸತ್ತ ಸ್ವಿಚ್ಚಿನ ಮೇಲೇ ಇತ್ತು. ಬಲಗಾಲು ಬ್ರೇಕನ್ನು ತುಳಿಯಿತು. ಕ್ಲಚ್ಚು ಒತ್ತಲು ಕಾಲಿಲ್ಲದೆ ಗಾಡಿ ಕುಕ್ಕರಿಸಿ, ಇಂಜಿನ್ ಆರಿ, ದೇವರಕಾಡಿನೊಳಗೇ ನಿಂತಿತು.

ಕೆಳಗಿಳಿದು ಮಳೆಯಲ್ಲಿ ನಿಂತೆ. ಮರದ ಬುಡದಲ್ಲಿ ಮಣ್ಣಿನ ನಾಯಿಗಳು ನೆನೆಯುತ್ತಿದ್ದವು. ಕೈ ಮುಗಿಯಲೂ ಧೈರ್ಯ ಬರಲಿಲ್ಲ. ತಪ್ಪಾಯಿತು, ಬರುವ ಕೇಡೇನಿದ್ದರೂ ನನ್ನೊಬ್ಬನ ತಲೆಗೆ ಬರಲಿ, ಊರಿಗೆ ಬೇಡ, ಆ ಟಾರ್ಪಾಲಿನ ಕೆಳಗೆ ಇರುವವರಿಗೆ ಬೇಡ ಎಂದು ಬಾಯಿಗೆ ಬಂದದ್ದನ್ನು ಹೇಳುತ್ತಲೇ ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಹಿಂದಿನಿಂದ ಪಾಟಿಯ ಅಂಗೈಯ ಒಂದು ಪೆಟ್ಟು ಕೇಳಿಸಿತು, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೊಂದು ಪೆಟ್ಟು. ಆಗ ಮಗು ಅತ್ತಿತು. ನಾನು ರಸ್ತೆಯ ಕೆಸರಿನಲ್ಲಿ ಕೂತುಬಿಟ್ಟೆ.

ಪಾಟಿ ಟಾರ್ಪಾಲು ಎತ್ತಿ ಇಣುಕಿದಳು. "ಪೆಣ್ ಕೊಳಂದೆ ತಂಬಿ, ಹೆಣ್ಣು. ಇದಕ್ಕೂ ಕೊರಳಿಗೆ ಹುರಿ ಸುತ್ತಿತ್ತು. ಗಾಡಿ ನಿಂತಿತ್ತಲ್ಲ, ಬಿಡಿಸ್ದೆ" ಎಂದಳು. ಬರೀ ನಡೆದದ್ದನ್ನು ಹೇಳಿದಳು, ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ನಾನು ಎದ್ದು ಹೋಗಿ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಇಂಜಿನ್ ಎಬ್ಬಿಸಿದೆ.

ಮಡಿಕೇರಿಯಲ್ಲಿ ಸಂಜೆಯ ಹೊತ್ತಿಗೆ ಅವಳಿಗೆ ಸ್ವಲ್ಪ ಗಂಜಿ ಕುಡಿಸಿದರು. ಮಂಚದ ಪಕ್ಕ ನಿಂತು ನಾನು ಏನಾದರೂ ಹೇಳಬೇಕಲ್ಲ ಎಂದು, "ಮೋಟಾರು ಸುಟ್ಟರೂ ಗಾಜು ಅಷ್ಟಾದರೂ ತೆರೀತು. ಅದಕ್ಕೇ ಕೇಳಿಸ್ತು" ಎಂದೆ. ಅಷ್ಟಾದ ಮೇಲೂ ನನ್ನ ನಾಲಿಗೆ ಅದೇ ಸುಳ್ಳಿನ ಕಡೆಗೆ ಹೊರಳಿತು.

ಅವಳು ಮಗುವನ್ನು ಎದೆಗೆ ಸರಿಮಾಡಿಕೊಂಡಳು. ಕೋಪವಿರಲಿಲ್ಲ ಮುಖದಲ್ಲಿ, ದಣಿವಿತ್ತು.

"ಹೋದ ಸಲಾನೂ ಕೇಳಿಸಿತ್ತು ನಿಮಗೆ. ತಿರುಗಿ ನನ್ನೇ ನೋಡಿದ್ರಿ, ಆಮೇಲೆ ಮುಂದಕ್ಕೆ ತಿರುಗಿದ್ರಿ" ಎಂದಳು. "ಅದು ಗಾಜು ಕಣ್ರೀ. ಮುಚ್ಚಿದ್ರೂ ಆಚೆಯವರ ಮುಖ ಕಾಣ್ತದೆ."