ಮಾಯವ್ವನ ಮೂರು ವರ್ಷ

ಮೊನ್ನೆ ನಮ್ಮ ಮನೆಯವರು ಬಜಾರದಿಂದ ಶೇಂಗಾ ಎಣ್ಣೆಯ ಬದಲು ಸಾಸಿವೆ ಎಣ್ಣೆಯ ಬಾಟಲಿ ತಂದಿಟ್ಟರು. ಎರಡೂ ಹಳದಿ, ಎರಡೂ ಎಣ್ಣೆ, ಇದರಲ್ಲಿ ತಮ್ಮ ತಪ್ಪೇನು ಎಂಬುದು ಅವರ ವಾದ. ನಾನು ನೋಡದೆಯೇ ಒಗ್ಗರಣೆಗೆ ಸುರಿದೆ. ಅಡುಗೆಮನೆ ತುಂಬ ಘಾಟು ಎದ್ದಿತು. ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಾಗ ನನ್ನ ಕಣ್ಣು ಹೋದದ್ದು ಮುಂದಿನ ಖೋಲಿಯ ಕಡೆಗೆ. ಈ ವಾಸನೆ ನಮ್ಮ ಮನೆಯದಲ್ಲ, ಆ ಖೋಲಿಯದು.

ಬೆಟಗೇರಿಯಲ್ಲಿ ನಮ್ಮಂಥ ಹಳೆಯ ಮನೆಗಳಿಗೆ ಮುಂದೊಂದು ಮಗ್ಗದ ಖೋಲಿ ಇರುತ್ತದೆ. ಮಾವನವರು ಹೋದ ಮೇಲೆ ನಾವು ಮಗ್ಗದ ಕುಣಿ ಮುಚ್ಚಿಸಿ, ಮೇಲೆ ಫರಸಿ ಹಾಸಿ, ಖೋಲಿಯನ್ನು ಬಾಡಿಗೆಗೆ ಕೊಟ್ಟೆವು. ಕುಣಿ ಸರಿಯಾಗಿ ತುಂಬಿರಲಿಲ್ಲವೋ ಏನೋ, ಅಲ್ಲಿ ಯಾರಾದರೂ ಓಡಾಡಿದರೆ ಇಂದಿಗೂ ದುಬುದುಬು ಸಪ್ಪಳ ಬರುತ್ತದೆ. ಆ ಸಪ್ಪಳ ಅತಿ ಹೆಚ್ಚು ಕೇಳಿಸಿದ್ದು ಬಹಾದ್ದೂರನ ಸಂಸಾರ ಇದ್ದಾಗ.

ಬಹಾದ್ದೂರ ನೇಪಾಳದ ಪಶ್ಚಿಮದ ಯಾವುದೋ ಗುಡ್ಡದ ಊರಿನವನು. ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಸಂಜೆ ಗೋಬಿ ಮಂಚೂರಿ ಗಾಡಿ ಹಚ್ಚುತ್ತಿದ್ದ. ಮಧ್ಯಾಹ್ನವೆಲ್ಲ ಅವನೂ ಹೆಂಡತಿ ಸೀತಾಳೂ ನಮ್ಮ ಕಟ್ಟೆಯ ಮೇಲೆ ಕುಳಿತು ಎಲೆಕೋಸು ಹೆಚ್ಚುವರು. ಅವರ ಒಬ್ಬಳೇ ಮಗಳು ಮನಮಾಯಾ. ಓಣಿಯ ಮುದುಕಿಯರು ಬಂದ ದಿನವೇ ಅವಳನ್ನು ಮಾಯವ್ವ ಮಾಡಿದರು. ಸಂಜೆ ಗಾಡಿ ಹೊರಡುವ ಮೊದಲು ಸೀತಾ ಸಾಸಿವೆ ಎಣ್ಣೆ ಬೆಚ್ಚಗೆ ಮಾಡಿ ಮಗಳ ಮೊಣಕಾಲಿಂದ ಕೆಳಗೆ ತಿಕ್ಕುವಳು. ಗುಡ್ಡ ಏರಿ ಇಳಿದ ಕಾಲಿಗೆ ನಮ್ಮ ಸಪಾಟು ನೆಲದಲ್ಲಿ ನೋವು ಬರುತ್ತದೆಂದು ಅವಳ ನಂಬಿಕೆ.

ನಿಜ ಹೇಳಬೇಕೆಂದರೆ ಆ ಕಾಲುಗಳಿಗೆ ನೋವು ಬರಲು ಪುರುಸೊತ್ತೇ ಇರಲಿಲ್ಲ. ನಮ್ಮ ಊರಿನ ನಳದ ಕಥೆ ನಿಮಗೆ ಗೊತ್ತಿರಬಹುದು. ವಾರಕ್ಕೊಮ್ಮೆ, ಒಮ್ಮೊಮ್ಮೆ ಎರಡು ವಾರಕ್ಕೊಮ್ಮೆ ನೀರು. ಬರುವ ಹೊತ್ತು ಮಾತ್ರ ದೇವರಿಗೇ ಗೊತ್ತು. ನೀರು ಬಿಡುವವನು ಓಣಿಯ ತುದಿಯಲ್ಲಿ ವಾಲ್ವ್ ತಿರುಗಿಸಿದ್ದನ್ನು ನೋಡಿದ ಕೂಡಲೇ ಮಾಯವ್ವ ಅಲ್ಲಿಂದ ಓಟ ಕಿತ್ತು ಬರುವಳು. "ನಳಾ ಬಂದಾವ್ರೀ, ನಳಾ!" ಎಂದು ಪ್ರತಿ ಬಾಗಿಲಿಗೂ ಒಂದು ಕೂಗು. ಕೊನೆಯ ಮನೆಯಲ್ಲಿ ಕೊಡ ಇಟ್ಟು ಆದ ಮೇಲೆ ನೀರು ಬರುತ್ತಿತ್ತು. ನಾವೆಲ್ಲ ಕೊಡದ ಗದ್ದಲದಲ್ಲಿ ಇರುತ್ತಿದ್ದೆವು. ಹುಡುಗಿ ಆಗಲೇ ಕಟ್ಟೆಯ ಮೇಲೆ ಕುಳಿತು ಕೋಸಿನ ದಂಟು ಕಡಿಯುತ್ತಿರುತ್ತಿದ್ದಳು.

ಈಗ ನನ್ನ ಬಗ್ಗೆ ಒಂದು ಮಾತು ಹೇಳಬೇಕು, ಹೇಳಲು ಸ್ವಲ್ಪ ನಾಚಿಕೆಯಾದರೂ. ಓಣಿಯ ಫಾರ್ಮುಗಳನ್ನೆಲ್ಲ ತುಂಬುವವಳು ನಾನು. ರೇಷನ್ ಕಾರ್ಡು, ಗ್ಯಾಸು, ಶಾಲೆಯ ದಾಖಲಾತಿ, ಎಲ್ಲದಕ್ಕೂ ನನ್ನ ಹತ್ತಿರವೇ ಬರುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಹಚ್ಚಿದ ದಿನ, ಮೊಸರಿನ ಹೆಪ್ಪು ಕೆಟ್ಟ ದಿನ, ಯಾರ ಮಗುವಿಗೆ ಯಾವಾಗ ಜ್ವರ ಬಂತು ಎಂಬುದನ್ನೂ ಗುರುತು ಹಾಕಿ ಇಡುವ ಹೆಂಗಸು ಎಂದು ನನಗೆ ಹೆಸರು. ಹಾಗೆಂದು ನಮ್ಮ ಕಡೆ ಹುಟ್ಟಿದ ದಿನಾಂಕಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಓಣಿಯ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ನಾನೂ, ನಮ್ಮ ಮನೆಯವರೂ ಸಹ. ಶಾಲೆ ಸುರುವಾಗುವ ದಿನಕ್ಕೆ ಅನುಕೂಲವಾಗುವಂತೆ ಮಾಸ್ತರರು ನಮ್ಮನ್ನೆಲ್ಲ ಒಂದೇ ದಿನ ಹುಟ್ಟಿಸಿಬಿಟ್ಟಿದ್ದಾರೆ.

ಬಂದ ವರ್ಷವೇ ಬಹಾದ್ದೂರ ಶಾಲೆಯ ಫಾರ್ಮು ಹಿಡಿದು ಬಂದ. ಜತೆಗೆ ಅವನ ಊರಿನ ಒಂದು ಕಾಗದ, ದೇವನಾಗರಿಯಲ್ಲಿ. ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದವಳು ನಾನು, ಓದಲು ಕಷ್ಟವೇನು? ಓದಿ ನಕ್ಕುಬಿಟ್ಟೆ. ಹುಟ್ಟಿದ ಇಸವಿ ಎರಡು ಸಾವಿರದ ಅರವತ್ತೈದು ಎಂದಿತ್ತು.

"ಬಹಾದ್ದೂರಣ್ಣ, ನಿಮ್ಮೂರ ಕಾರಕೂನ ನಿದ್ದಿಗಣ್ಣಾಗ ಬರದಾನ. ಈ ಇಸವಿ ಇನ್ನೂ ಬಂದೇ ಇಲ್ಲ. ನಿನ್ನ ಮಗಳು ಇನ್ನೂ ಹುಟ್ಟಬೇಕು ನೋಡು."

"ಅಲ್ಲರಿ ಅಕ್ಕಾರ, ನಮ್ಮ ಕಡಿ ಇಸವಿ..."

"ನಿಮ್ಮ ಕಡಿ ಆದ್ರೇನು, ನಮ್ಮ ಕಡಿ ಆದ್ರೇನು, ಇಸವಿ ಎಲ್ಲಾ ಕಡಿ ಒಂದ. ಸೊನ್ನಿ ಬರಿಯಾಕ ಹೋಗಿ ಆರು ಬರದಾನ ಪುಣ್ಯಾತ್ಮ. ನಾ ಸರಿ ಮಾಡ್ತೀನಿ, ನೀ ಗಾಡಿ ಹಚ್ಚು ಹೋಗು."

ಆರನ್ನು ಸೊನ್ನೆ ಮಾಡಿದೆ. ಎರಡು ಸಾವಿರದ ಐದು, ಜೂನ್ ಒಂದು. ಬಹಾದ್ದೂರ ಕೈ ಮುಗಿದು ಹೋದ.

ಶಾಲೆಯಲ್ಲಿ ಲೆಕ್ಕ ಹಾಕಿದಾಗ ಹುಡುಗಿಗೆ ಹತ್ತು ತುಂಬಿತ್ತು. ಸೀತಾ ಏಳು ಬೆರಳು ತೋರಿಸಿ "ಸಾತ್, ಸಾತ್" ಎಂದಳಂತೆ. ತಾಯಂದಿರಿಗೆ ಮಕ್ಕಳು ಯಾವಾಗಲೂ ಸಣ್ಣವೇ ಎಂದು ದೊಡ್ಡಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ಮಾಯವ್ವನನ್ನು ನೇರ ಮೂರನೇ ತರಗತಿಯಲ್ಲಿ ಕೂರಿಸಿದರು. ಇಷ್ಟು ಗಿಡ್ಡ ಹುಡುಗಿಗೆ ಹತ್ತು ವರ್ಷವೇ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: "ನೇಪಾಳದ ಮಂದಿರಿ, ಗಿಡ್ಡನ ಇರ್ತಾರ." ನಾನೂ ಅದನ್ನೇ ಹೇಳಿದ್ದೇನೆ. ಬಹಾದ್ದೂರನಿಗಂತೂ ಹಿಗ್ಗು. ಮಗಳು ಶಾಣ್ಯಾ ಎಂದೇ ಎರಡು ಕ್ಲಾಸು ದಾಟಿಸಿದ್ದಾರೆಂದು ತಿಳಿದು, ಆ ಸಂಜೆ ಓಣಿಯವರಿಗೆಲ್ಲ ಗೋಬಿ ಹಂಚಿದ.

ಏಳನೇ ತರಗತಿಯಲ್ಲಿ ಪಿ.ಟಿ. ಸರ್ ಅವಳನ್ನು ಓಟಕ್ಕೆ ಹಾಕಿದರು. ಕಾಗದದಲ್ಲಿ ಹದಿನಾಲ್ಕು ಆಗಿದ್ದರಿಂದ ಸಣ್ಣವರ ಗುಂಪಿಗೆ ಸೇರಿಸಲು ಬರಲಿಲ್ಲ, ಹೈಸ್ಕೂಲಿನ ಹುಡುಗಿಯರ ಜತೆ ನಿಲ್ಲಿಸಿದರು. ನಲವತ್ತು ಹೆಜ್ಜೆಯವರೆಗೆ ಮಾಯವ್ವನೇ ಮುಂದೆ. ಆಮೇಲೆ ಉದ್ದ ಕಾಲಿನವರು ಒಬ್ಬೊಬ್ಬರಾಗಿ ದಾಟುವರು. ಕೊನೆಗೆ ಬಂದು, ಸೊಂಟದ ಮೇಲೆ ಕೈ ಇಟ್ಟು, ನೆಲ ನೋಡುತ್ತ ನಿಲ್ಲುವಳು. ಮನೆಗೆ ಬಂದಾಗ ನಾನು ಸಮಾಧಾನ ಹೇಳಿದೆ: "ಓದ್ಕೋ ಮಾಯವ್ವ. ಓಟ ಎಲ್ಲಾರ ಕೈಲಿ ಆಗೂದಲ್ಲ." ಎಂಥ ಜಾಣತನದ ಮಾತು ನೋಡಿ.

ನಡುವೆ ರೋಗ ಬಂದು ಶಾಲೆಗಳು ಮುಚ್ಚಿದವು, ಗಾಡಿಯೂ ನಿಂತಿತು. ಆ ಎರಡು ವರ್ಷ ಅವಳು ಬೆಳಗಾಗುತ್ತಲೇ ಹೊಂಬಳದ ಹಾದಿ ಹಿಡಿಯುವಳು. ಜೋಳ ಕೊಯ್ದ ಎರೆಹೊಲದ ಬದುವಿನ ಮೇಲೆ ಒಬ್ಬಳೇ ಓಡುವಳು. ಮಳೆಯಾದ ದಿನ ಒಂದೊಂದು ಪಾದಕ್ಕೂ ಒಂದೊಂದು ಸೇರು ಕರಿಮಣ್ಣು ಮೆತ್ತಿಸಿಕೊಂಡು ಬರುವಳು. ಕಟ್ಟೆ ಹೊಲಸಾಯಿತೆಂದು ನಾನು ಬೈಯುವೆನು.

ಹತ್ತನೇ ತರಗತಿಯಲ್ಲಿದ್ದಾಗ ಮುಂಡರಗಿಯ ಜಿಲ್ಲಾ ಕೂಟದಲ್ಲಿ ನೂರು ಮೀಟರಿನಲ್ಲಿ ಎರಡನೆಯವಳಾಗಿ ಬಂದಳು. ಅಲ್ಲಿದ್ದ ಕೋಚ್ ಒಬ್ಬರು ಪಿ.ಟಿ. ಸರ್‌ಗೆ ಹೇಳಿದರಂತೆ, ಈ ಹುಡುಗಿಯನ್ನು ಕ್ರೀಡಾ ಹಾಸ್ಟೆಲಿಗೆ ಕಳಿಸಿರಿ, ಊರು ಯಾವುದಾದರೂ ಇರಲಿ, ಇಲ್ಲಿನ ಶಾಲೆಯಲ್ಲಿ ಓದಿದರೆ ಸಾಕು ಎಂದು. ಆದರೆ ವಯಸ್ಸು ಹದಿನಾರರ ಒಳಗಿರಬೇಕು. ಕಾಗದದಲ್ಲಿ ಅವಳಿಗೆ ಹದಿನೇಳು.

ಆ ದಿನ ಅವಳು ಕೋಸು ಹೆಚ್ಚಲು ಕುಳಿತಳು. "ಓಟ ಆತು ಕಾಕು. ಇನ್ನ ಮ್ಯಾಲೆ ಅಪ್ಪನ ಗಾಡಿ" ಎಂದಳು ಅಷ್ಟೇ. ನಾನು ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ತೆಗೆದುಕೊಂಡು ಅವರ ಖೋಲಿಗೆ ಹೋದೆ. ಸೀತಾ ತಾಟು ತರಲು ಎದ್ದಳು. ಗೋಡೆಯ ಮೇಲೆ ಅವರ ದೇಶದ ಕ್ಯಾಲೆಂಡರು ತೂಗುತ್ತಿತ್ತು. ಕ್ಯಾಲೆಂಡರು ಕಂಡರೆ ನನ್ನ ಕಣ್ಣು ಸುಮ್ಮನಿರುವುದಿಲ್ಲ. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಇಸವಿ: ಎರಡು ಸಾವಿರದ ಎಪ್ಪತ್ತೊಂಬತ್ತು.

"ಬಹಾದ್ದೂರಣ್ಣ, ಇದೇನಿದು?"

"ನಮ್ಮ ದೇಶದ ಇಸವಿರಿ ಅಕ್ಕಾರ. ನಿಮ್ಮಕಿಂತ ಐವತ್ತೇಳು ಮುಂದ."

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಎಪ್ಪತ್ತೊಂಬತ್ತರಲ್ಲಿ ಅರವತ್ತೈದು ಕಳೆದರೆ ಹದಿನಾಲ್ಕು. ಹದಿನಾಲ್ಕು ವರ್ಷದ ಹುಡುಗಿಯನ್ನು ನಾನು ಹದಿನೇಳು ಮಾಡಿದ್ದೆ. ಪ್ರತಿ ಯುಗಾದಿಗೆ ಪಂಚಾಂಗ ಓದಿಸುವಾಗ ಶಾಲಿವಾಹನ ಶಕೆ ಎಂದು ಬೇರೆಯೇ ಇಸವಿ ಕೇಳಿ ತಲೆಯಾಡಿಸುವವಳು ನಾನು. ನಮಗೆ ಎರಡು ಇಸವಿ ಇರಬಹುದಂತೆ, ಅವನಿಗೆ ಒಂದು ಇರಬಾರದಂತೆ.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಮನೆಯವರ ಮುಂದೆ ಬಾಯಿಬಿಟ್ಟೆ. ಅವರು ಚಹಾ ಕುಡಿಯುತ್ತ, "ಶಾಲ್ಯಾಗ ತಪ್ಪು ಬರದಾರ ಅಂತ ಹೇಳಿಬಿಡು. ಯಾರಿಗೆ ಗೊತ್ತಾಗ್ತದ?" ಎಂದರು. ಸುಳ್ಳೇಕೆ, ನನಗೂ ಆ ಮಾತು ಹಿತವೆನಿಸಿತು. ದೊಡ್ಡಬಾಯಿಯವರು ರಿಟೈರ್ ಆಗಿ ಹೋಗಿದ್ದರು, ತಪ್ಪು ಹೊರಿಸಲು ಅವರಷ್ಟು ಅನುಕೂಲದವರು ಇನ್ನೊಬ್ಬರಿರಲಿಲ್ಲ. ಆದರೆ ಬಹಾದ್ದೂರನ ಮುಂದೆ ನಿಂತಾಗ ನಾಲಗೆ ನಿಜವನ್ನೇ ಹೇಳಿತು.

ಅವನು ಕೋಸು ಹೆಚ್ಚುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. "ಅವತ್ತು ಹೇಳಾಕ ಬಂದಿದ್ನಿರಿ" ಎಂದ. ನಗುವಿನಂಥದ್ದೇನೋ ಮುಖದಲ್ಲಿ ಬಂತು. "ನಾ ಮಗಳು ಶಾಣ್ಯಾ ಅಂತ ಓಣಿಗೆಲ್ಲಾ ಗೋಬಿ ಹಂಚಿದ್ನಲ್ಲರಿ."

ಮಾಯವ್ವ ನಗಲಿಲ್ಲ. "ಹಂಗಾರ ನಾ ಅಕ್ಕಗೋಳ ಜೋಡಿ ಓಡೇನಿ? ಇಷ್ಟು ದಿನ?" ಎಂದು ಕೇಳಿ ಎದ್ದು ಹೋದಳು. ಆಮೇಲೆ ನನ್ನ ಜತೆ ಮಾತು ಬಿಟ್ಟಳು. ನಳ ಬಂದಾಗಲೂ ನನ್ನ ಬಾಗಿಲು ಬಿಟ್ಟು ಎಲ್ಲರ ಬಾಗಿಲಲ್ಲಿ ಕೂಗುವಳು. ನ್ಯಾಯವಾಗಿಯೇ ಇತ್ತು, ಆದರೆ ಎರಡು ಸಲ ನೀರು ತಪ್ಪಿಹೋಯಿತು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಗದಕ್ಕೆ ಆ ದಿನಾಂಕ ಏರಿಬಿಟ್ಟರೆ ಮುಂದೆ ಬದಲಿಸುವುದು ಕಷ್ಟವೆಂದು ಪಿ.ಟಿ. ಸರ್ ಎಚ್ಚರಿಸಿದರು. ವಕೀಲರು, ಅಫಿಡವಿಟ್ಟು, ಕೋರ್ಟಿನ ಕಟ್ಟೆ, ಎಲ್ಲ ಕಡೆಗೂ ನಾನೇ ಬಹಾದ್ದೂರನ ಜತೆ ತಿರುಗಿದೆ. ಲಕ್ಷ್ಮೇಶ್ವರದಲ್ಲಿ ಹಾಸ್ಟೆಲಿನ ಆಯ್ಕೆ ಓಟಕ್ಕೆ ಒಂದು ವಾರ ಇರುವಾಗ ಆದೇಶ ಕೈಗೆ ಬಂತು. ಗೆದ್ದೆವೆಂದು ತಿಳಿದೆ. ಆದರೆ ಓಟದ ಲೋಕದಲ್ಲಿ ವಯಸ್ಸು ಇಳಿಸುವುದು ಹಳೆಯ ವಿದ್ಯೆ ಎಂಬುದು ನನಗೆ ತಿಳಿದಿರಲಿಲ್ಲ.

ಲಕ್ಷ್ಮೇಶ್ವರದ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ ಆಗಿತ್ತು. ಹುಡುಗಿಯರು ಕಾಲು ಸಡಿಲಿಸುತ್ತಿದ್ದರು. ಆಗ ಬೇರೆ ಹುಡುಗಿಯ ತಂದೆಯೊಬ್ಬರು ಅಧಿಕಾರಿಗಳ ಟೇಬಲ್ಲಿಗೆ ಬಂದರು.

"ವರ್ಷ ಆರು ತಿಂಗಳ ಇಳಸೂದು ನೋಡೇವ್ರಿ. ಮೂರು ವರ್ಷ ಇಳಸೂದು ಇದ ಮೊದಲ. ಮುಂಡರಗ್ಯಾಗ ಹದಿನೇಳು ಇದ್ದಾಕಿ ಇಲ್ಲಿ ಹದಿನಾಲ್ಕು ಹೆಂಗಾದ್ಲು? ಕೋರ್ಟಿನ ಕಾಗದ ಯಾರು ಬೇಕಾದ್ರೂ ತರ್ತಾರ."

ಸುತ್ತ ನಿಂತವರು ನಕ್ಕರು. ಬಹಾದ್ದೂರ ಏನೋ ಹೇಳಲು ಹೋದ, ಅವನ ಕನ್ನಡ ಆ ಹೊತ್ತಿಗೆ ಕೈಕೊಟ್ಟಿತು. ಮಾಯವ್ವ ದೂರದಲ್ಲಿ ಗೆರೆಯ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವಳನ್ನು ತೆಗೆದುಹಾಕಿದರೆ ಮುಂದೆ ಇನ್ನೊಂದು ಆಯ್ಕೆ ಓಟ ಇರಲಿಲ್ಲ. ನಾನು ರೊಟ್ಟಿಯ ಗಂಟು ಕೆಳಗಿಟ್ಟು ಟೇಬಲ್ಲಿನ ಮುಂದೆ ಹೋದೆ.

"ತಪ್ಪು ನಂದರಿ. ಫಾರ್ಮ್ ತುಂಬಿದಾಕಿ ನಾನು. ಅವರಪ್ಪ ಖರೇನ ಹೇಳಾಕ ಬಂದ, ನಾನ ಬಾಯಿ ಮುಚ್ಚಿಸಿದೆ. ಅವರ ದೇಶದ ಇಸವಿ ಬ್ಯಾರೆ ಐತಿ ಅನ್ನೂದು ನನಗ ಗೊತ್ತಿರಲಿಲ್ಲ, ಗೊತ್ತೈತಿ ಅನ್ನೂ ಸೊಕ್ಕು ಇತ್ತು."

ಆ ತಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತ ಇಷ್ಟು ವರ್ಷ ಸುಮ್ಮ ಯಾಕ ಇದ್ರಿ ಅವ್ವಾರ?"

"ಗಿಡ್ಡ ಅದಾಳ ಅಂದ್ರ ನೇಪಾಳದಾಕಿ ಅಂದ್ವಿ. ಸೋತಳು ಅಂದ್ರ ಕೈಲಿ ಆಗೂದಿಲ್ಲ ಅಂದ್ವಿ. ಸಣ್ಣಾಕಿ ಇರಬಹುದು ಅಂತ ಒಬ್ಬರಿಗೂ ಹೊಳಿಲಿಲ್ರಿ."

ಟೇಬಲ್ಲಿನ ಹಿರಿಯ ಅಧಿಕಾರಿ ಆದೇಶವನ್ನೂ ನೇಪಾಳದ ಕಾಗದವನ್ನೂ ಇನ್ನೊಮ್ಮೆ ಓದಿ, "ಹುಡುಗಿ ಓಡ್ಲಿ. ನೀವು ಹೇಳಿದ್ದನ್ನ ಬರದು ಸಹಿ ಮಾಡ್ರಿ, ಎರಡು ಪ್ರತಿ" ಎಂದರು. ಬರೆಯಲು ಕುಳಿತೆ. ಬದುಕಿನಲ್ಲಿ ಅಷ್ಟು ನಿಧಾನವಾಗಿ ನಾನು ಏನನ್ನೂ ಬರೆದಿರಲಿಲ್ಲ, ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡಿ ಬರೆದೆ. ಎರಡನೆಯ ಪ್ರತಿಗೆ ಸಹಿ ಹಾಕುವಾಗ ಹಿಂದೆ ಸೀಟಿಯ ಸದ್ದು, ಆಮೇಲೆ ಗದ್ದಲ. ತಿರುಗಿ ನೋಡುವಷ್ಟರಲ್ಲಿ ಓಟ ಮುಗಿದಿತ್ತು. ಬಹಾದ್ದೂರ ನೆಲದ ಮೇಲೆ ಕುಳಿತು ಅಳುತ್ತಿದ್ದ. ಎರಡನೆಯವಳು ಎಷ್ಟು ಹಿಂದಿದ್ದಳೆಂದು ಎಲ್ಲರೂ ಕೈಯಗಲಿಸಿ ತೋರಿಸಿದರು. ನೋಡದೆ ಉಳಿದವಳು ನಾನೊಬ್ಬಳೇ.

ವಾಪಸು ಬರುವಾಗ ಬಸ್ಸಿನಲ್ಲಿ ಮಾಯವ್ವ ನನ್ನ ಪಕ್ಕ ಬಂದು ಕುಳಿತಳು. "ರೊಟ್ಟಿ ಅದಾವೇನು ಕಾಕು?" ಎಂದಳು. ಮಾತು ಬಿಟ್ಟು ಎರಡು ತಿಂಗಳ ಮೇಲಾಗಿತ್ತು.

ಅವಳು ಹಾಸ್ಟೆಲಿಗೆ ಹೋದಳು. ಅಲ್ಲಿ ಕಲಿಯುತ್ತ, ರಾಜ್ಯ ಮಟ್ಟದವರೆಗೂ ಓಡಿದಳು, ಒಮ್ಮೆ ಗೆದ್ದಳು, ಒಮ್ಮೆ ತೊಡೆಯ ನರ ಹಿಡಿದು ಆರು ತಿಂಗಳು ಕುಳಿತಳು. ಬಹಾದ್ದೂರ ಈಗ ಗದಗಿನ ಸ್ಟೇಡಿಯಮ್ಮಿನ ಹತ್ತಿರವೇ ಮನೆ ಮಾಡಿ ಸಣ್ಣದೊಂದು ಹೋಟೆಲು ಇಟ್ಟಿದ್ದಾನೆ. ಓಣಿಯವರು ನನ್ನನ್ನು ಕಂಡಾಗ ಒಂದು ಮಾತು ಹೇಳುತ್ತಾರೆ: "ನಿಮ್ಮ ತಪ್ಪಿನಿಂದನ ಹುಡುಗಿ ಗಟ್ಟಿ ಆದ್ಲು ನೋಡ್ರಿ. ದೊಡ್ಡವರ ಜೋಡಿ ಓಡಿ ಓಡಿ ಜೋರ ಬಂತು." ಕೇಳಲು ಎಷ್ಟು ಸಮಾಧಾನ! ನಾನೂ ಕೆಲವು ದಿನ ಅದನ್ನು ನಂಬಿ ಚೆನ್ನಾಗಿ ನಿದ್ದೆ ಮಾಡಿದೆ.

ನಿನ್ನೆ ಅವಳು ರಜೆಗೆ ಬಂದವಳು ನಮ್ಮ ಮನೆಗೂ ಬಂದಿದ್ದಳು. ಮಾತಿನ ನಡುವೆ ನಾನು ಆ ಸಮಾಧಾನವನ್ನು ಅವಳ ಮುಂದೆಯೂ ಇಟ್ಟೆ. ಅವಳು ಚಹಾದ ಬಟ್ಟಲು ಕೆಳಗಿಟ್ಟು, ಸಿಟ್ಟಿಲ್ಲದೆ, ತಮಾಷೆಯೂ ಇಲ್ಲದೆ ಹೇಳಿದಳು:

"ಹಂಗೇನಿಲ್ಲ ಕಾಕು. ನಾ ಮೊದಲಿಂದನೂ ಜೋರ ಇದ್ನಿ. ನೀವು ಯಾರೂ ನೋಡಲಿಲ್ಲ, ಅಷ್ಟ."

ನನ್ನ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿತ್ತು. ಯಾವಾಗಲೂ ಇರುತ್ತದೆ. ನುಂಗಿಕೊಂಡೆ.

ಇವತ್ತು ಬೆಳಿಗ್ಗೆ ಆರಕ್ಕೆ ಸ್ಟೇಡಿಯಮ್ಮಿಗೆ ಹೋದೆ. ಮಾಯವ್ವ ಆಶ್ಚರ್ಯದಿಂದ ನೋಡಿ, ಗೆರೆಯ ಹತ್ತಿರ ಹೋಗಿ ಬಗ್ಗಿದಳು. ನಾನು ಮೆಟ್ಟಿಲ ಮೇಲೆ ಕುಳಿತು ಕನ್ನಡಕ ಒರೆಸಿ ಹಾಕಿಕೊಂಡೆ. ಅವಳು ಎದ್ದದ್ದು, ಮೊದಲ ಹೆಜ್ಜೆಗಳಲ್ಲಿ ತಲೆ ತಗ್ಗಿಯೇ ಇದ್ದದ್ದು, ನಡುವೆ ಎಲ್ಲೋ ಮೈ ನೆಟ್ಟಗಾದದ್ದು, ಆಮೇಲೆ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಂತೆ ಆ ತುದಿಯವರೆಗೆ ಹೋದದ್ದು, ಎಲ್ಲವನ್ನೂ ನೋಡಿದೆ. ಹದಿಮೂರು ಎಣಿಸುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ. ಅವಳು ನಡೆದುಕೊಂಡು ವಾಪಸು ಬಂದಳು. ನಾನು ಇನ್ನೊಮ್ಮೆ ಕನ್ನಡಕ ಒರೆಸಿಕೊಂಡೆ. ಅವಳು ಮತ್ತೆ ಗೆರೆಯ ಹತ್ತಿರ ಹೋಗಿ ಬಗ್ಗಿದಳು.