ಇಸ್ತ್ರಿಯಮ್ಮನ ಮೂರು ಸೆಕೆಂಡು

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಾಕ್ಟರುಗಳ ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಿದ್ದರು. ಅವಳ ಕಷ್ಟವೆಂದರೆ, ಚರ್ಚಿನಲ್ಲಿ ಮಾತ್ರ ದೇವರ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ಪಾದ್ರಿಗಳು ಪರಲೋಕದ ಬಗ್ಗೆ ಹೇಳುತ್ತಿದ್ದರೆ ಇವಳ ಕಣ್ಣು ಅವರ ನಿಲುವಂಗಿಯ ತೋಳಿನ ಸುಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಿತ್ತು. ಹಾಗಾಗಿ ದೇವರ ಜೊತೆ ಬೇರೆಯೇ ಒಪ್ಪಂದ ಮಾಡಿಕೊಂಡಿದ್ದಳು. ಒಂದೊಂದು ಕೋಟು ಮುಗಿದಾಗಲೂ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, “ಇಲ್ಲೇ ಇದ್ದೀಯಲ್ಲ, ಅಪ್ಪಾ?” ಎನ್ನುವುದು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುವುದು. ಆಮೇಲೆ ಮುಂದಿನ ಕೋಟು.

ಹೊಸ ಮೇಲ್ವಿಚಾರಕರು ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡೇ ಬಂದರು. ಎರಡು ದಿನದ ತರಬೇತಿ ಮುಗಿಸಿದ್ದವರು, ಕಾಲವನ್ನು ತಾವೇ ಕಂಡುಹಿಡಿದ ಹಾಗೆ ನಡೆಯುತ್ತಿದ್ದರು.

“ಕೋಟಿಗೆ ಮೂರು ಸೆಕೆಂಡು ದಂಡ ಮಾಡ್ತಿದೀರಿ. ಏನದು ಗೊಣಗಾಟ?”

“ದೇವರ ಜೊತೆ ಮಾತು, ಸಾರ್.”

“ಊಟದ ಬಿಡುವಲ್ಲಿ ಒಟ್ಟಿಗೆ ಆಡಿ ಮುಗಿಸಿ.”

“ಉಸಿರನ್ನೂ ಊಟದ ಬಿಡುವಲ್ಲಿ ಒಟ್ಟಿಗೆ ಎಳ್ಕೊಳ್ಳೋಕಾಗುತ್ತಾ, ಸಾರ್?”

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದವಳು ಕಿಸಕ್ಕೆಂದಳು. ಮೇಲ್ವಿಚಾರಕರ ಕಿವಿ ಕೆಂಪಾಯಿತು. ಈ ಚಾಳಿ ಬಿಡದಿದ್ದರೆ ಸೋಮವಾರದಿಂದ ಕೊಳೆಬಟ್ಟೆ ನೆನೆಹಾಕುವ ಕೋಣೆಗೆ ವರ್ಗ ಎಂದು ಘೋಷಿಸಿ ಹೊರಟರು.

ಮರುದಿನ ಇಸ್ತ್ರಿಯಮ್ಮ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದಳು. ದೇವರ ಜೊತೆ ಮಾತು ನಿಂತು ಮನಸ್ಸಿನಲ್ಲಿ ಖಾಲಿಯಾದ ಜಾಗಕ್ಕೆ ನಾದಿನಿ ಬಂದು ಕೂತಳು. ನಿಜವಾದ ನಾದಿನಿ ಎಲ್ಲೋ ತನ್ನ ಪಾಡಿಗೆ ತನ್ನ ಮನೆಯಲ್ಲೇ ಇದ್ದಳು. ಆದರೆ ಹೋದ ವರ್ಷ ಆಕೆ ಆಡಿದ ಮಾತು ಇವಳ ತಲೆಯೊಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿತು. ಅದಕ್ಕೆ ತಕ್ಕ ಉತ್ತರ ಹೊಳೆಯುವುದಕ್ಕೂ ಹೊಗೆ ಏಳುವುದಕ್ಕೂ ಸರಿಹೋಯಿತು. ದೊಡ್ಡ ಡಾಕ್ಟರ ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು! ಸಂಜೆಗೆ ಎಪ್ಪತ್ತೊಂದು ಕೋಟು. ಅದರಲ್ಲಿ ಒಂಬತ್ತು ಸುಕ್ಕೆಂದು ವಾಪಸ್.

“ಯಾರ ಮೇಲಕ್ಕಾ ಈ ಸಿಟ್ಟು?” ಎಂದಳು ಮಡಚುವವಳು.

“ನಾದಿನಿ ಕಣೇ. ಇಷ್ಟು ವರ್ಷ ಈ ಮೇಜಿನ ಹತ್ರ ಅವಳಿಗೆ ಜಾಗಾನೇ ಇರ್ಲಿಲ್ಲ.”

ಇಸ್ತ್ರಿಯಮ್ಮ ಸೀದಾ ಮೇಲ್ವಿಚಾರಕರ ಎದುರು ಹೋಗಿ ನಿಂತಳು. “ನಾಳೆ ನನ್ನ ರೀತಿ, ಸಾರ್. ಗಡಿಯಾರ ಹಿಡ್ಕೊಂಡು ಪಕ್ಕದಲ್ಲೇ ನಿಂತ್ಕೊಳ್ಳಿ. ಇವತ್ತಿನ ಲೆಕ್ಕಕ್ಕಿಂತ ಒಂದು ಕೋಟು ಕಡಿಮೆಯಾದ್ರೂ ನಾನೇ ನೆನೆಹಾಕೋ ಕೋಣೆಗೆ ಹೋಗ್ತೀನಿ.”

ಅವರು ನಿಂತರು. ಅವಳು ಪ್ರತಿ ಕೋಟಿಗೂ, ಈ ಸಲ ಗಟ್ಟಿಯಾಗಿಯೇ, “ಇಲ್ಲೇ ಇದ್ದೀಯಲ್ಲ, ಅಪ್ಪಾ?” ಎಂದಳು. ಐವತ್ತನೆಯ ಕೋಟಿನ ಹೊತ್ತಿಗೆ ಪಂದ್ಯವೇ ಮರೆತುಹೋಗಿತ್ತು. ಬಿಸಿ ಆವಿ, ಬಟ್ಟೆಯ ಬಿಳುಪು, ಪಕ್ಕದಲ್ಲಿ ಒಬ್ಬರು ಇದ್ದಾರೆಂಬ ಬೆಚ್ಚನೆಯ ಧೈರ್ಯ. ಆ ಒಬ್ಬರು ಮೇಲ್ವಿಚಾರಕರಂತೂ ಅಲ್ಲ.

ಸಂಜೆಗೆ ಎಂಬತ್ತೆಂಟು. ಒಂದೂ ವಾಪಸ್ ಬರಲಿಲ್ಲ. ಲಾಂಡ್ರಿಗೆ ಲಾಂಡ್ರಿಯೇ ಚಪ್ಪಾಳೆ ತಟ್ಟಿತು.

ಸೋಮವಾರ ಗೋಡೆಯ ಮೇಲೆ ಸೂಚನೆ: “ಪ್ರತಿ ಬಟ್ಟೆಯ ನಂತರ ಮೂರು ಸೆಕೆಂಡು ವಿರಾಮ ಕಡ್ಡಾಯ. ಸಂಶೋಧನೆ: ಮೇಲ್ವಿಚಾರಕರು.”

ಇಸ್ತ್ರಿಯಮ್ಮ ಅದನ್ನು ಎರಡು ಸಲ ಓದಿ, ಬಂದು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು.

“ನೋಡಿದ್ಯಾ ಅಪ್ಪಾ, ಇಲ್ಲಿ ನಿನ್ನ ಕೆಲಸ ಖಾಯಂ ಆಯ್ತು.”